ಕಾರಿನ ಕೆಳಗೆ ಹಾಸಿದ ರಟ್ಟು

ಅಪ್ಪನ ಮಾರಿಸ್ ಮೈನರ್ ನಿಲ್ಲಿಸಿದ ಕಡೆಯೆಲ್ಲ ಆಯಿಲ್ ಕಲೆ ಬಿಡುತ್ತಿತ್ತು. ಇಂಜಿನ್ ಹಿಂದೆ ಕ್ಲಚ್ ಕೂತಿರುವ ಗೂಡಿನ, ಅಂದರೆ ಕ್ಲಚ್ ಹೌಸಿಂಗ್‌ನ ತಳದಲ್ಲಿ ಒಂದು ಸಣ್ಣ ತೂತಿದೆ, ಅದು ಕಟ್ಟಿಕೊಳ್ಳದಿರಲಿ ಅಂತ ಅದರಲ್ಲಿ ಎರಡು ಕಾಲಿನ ತಂತಿಯಂಥ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ನೇತಾಡುತ್ತಿರುತ್ತದೆ. ಆಯಿಲ್ ತೊಟ್ಟಿಕ್ಕುತ್ತಿದ್ದದ್ದು ಆ ಪಿನ್ನಿನ ತುದಿಯಿಂದ. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: ಇಂಜಿನ್ ಹಿಂಭಾಗದ ಆಯಿಲ್ ಸೀಲ್ ಹೋಗಿದೆ, ಇಂಜಿನ್ ಇಳಿಸಬೇಕು.

ಆದರೆ ಈ 948 ಸಿಸಿ ಇಂಜಿನ್ನಿನ ಹಿಂದೆ ಈಗಿನ ಗಾಡಿಗಳ ಹಾಗೆ ರಬ್ಬರ್ ಸೀಲ್ ಇಲ್ಲವೇ ಇಲ್ಲ. ಕ್ರ್ಯಾಂಕ್‌ಶಾಫ್ಟ್, ಅಂದರೆ ಇಂಜಿನ್ ಒಳಗೆ ತಿರುಗುವ ಮುಖ್ಯ ದಂಡದ ಮೇಲೆ ಸ್ಕ್ರೂ ಥ್ರೆಡ್ಡಿನ ತರ ಒಂದು ಸುರುಳಿ ಕೊರೆದಿದ್ದಾರೆ, ಶಾಫ್ಟ್ ತಿರುಗುವಾಗ ಅದು ಆಯಿಲನ್ನು ವಾಪಸ್ ಒಳಗೆ ತಳ್ಳುತ್ತದೆ. ಅಷ್ಟೇ ವ್ಯವಸ್ಥೆ. ಒಳಗೆ ಗಾಳಿಯ ಒತ್ತಡ ಜಾಸ್ತಿಯಾದರೆ ಆ ಸುರುಳಿ ಏನು ತಾನೇ ಮಾಡುತ್ತೆ, ಅಲ್ವಾ? ಹಾಗಾಗಿ ಇಂಜಿನ್ ಇಳಿಸುವ ಮೊದಲು ಒಂದು ಭಾನುವಾರ ಪೂರ್ತಿ ಹುಡುಕೋಣ ಅಂತ ಕೂತೆ.

ಮೊದಲು ಸೀಮೆಎಣ್ಣೆ, ಬ್ರಷ್ಷು ಹಿಡಿದು ಇಂಜಿನ್ ತೊಳೆದೆ. ವರ್ಷಗಳ ಜಿಡ್ಡು, ಉಗುರಲ್ಲಿ ಕೆರೆದರೆ ಪದರ ಪದರವಾಗಿ ಬರುತ್ತಿತ್ತು. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ಬ್ಲಾಕಿನ ಮೇಲೆಲ್ಲ ಉದುರಿಸಿ, ಇಂಜಿನ್ ಹತ್ತು ನಿಮಿಷ ಓಡಿಸಿ, ಟಾರ್ಚ್ ಹಿಡಿದು ಬಗ್ಗಿದೆ. ಗಾಳಿ, ಹೊಗೆ ಸಾಗುವ ಕೊಳವೆಗಳಾದ ಮ್ಯಾನಿಫೋಲ್ಡ್ ಕೆಳಗೆ, ಕಣ್ಣಿಗೆ ಸುಲಭಕ್ಕೆ ಬೀಳದ ಜಾಗದಲ್ಲಿ, ಬ್ಲಾಕಿನ ಪಕ್ಕ ಮುಚ್ಚುವ ಎರಡು ಟ್ಯಾಪೆಟ್ ಕವರ್ ಇವೆ. ಹಿಂದಿನದರ ಕೆಳ ಅಂಚಿನಿಂದ ಬಿಳಿ ಪೌಡರಿನ ಮೇಲೆ ಒಂದು ಕಂದು ಗೆರೆ ಇಳಿದಿತ್ತು. ಅದು ಕೆಳಗಿನ ಆಯಿಲ್ ತೊಟ್ಟಿಯ, ಅಂದರೆ ಸಂಪ್‌ನ ಅಂಚು ಹಿಡಿದು ಹಿಂದಕ್ಕೆ ಹರಿದು, ಹೌಸಿಂಗ್ ಸುತ್ತಿ, ನೇರ ಆ ಪಿನ್ನಿನ ಹತ್ತಿರ ಹೋಗುತ್ತಿತ್ತು! ಆ ಗೆರೆ ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಕಾರ್ಬುರೇಟರ್, ಮ್ಯಾನಿಫೋಲ್ಡ್ ಬಿಚ್ಚಲೇಬೇಕಾಯಿತು. ಒಂದೊಂದು ಕವರಿಗೂ ನಡುವೆ ಒಂದೇ ಬೋಲ್ಟು. ಲೀಕ್ ಆದಾಗೆಲ್ಲ ಯಾರೋ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ, ಕವರ್ ನಡುವೆ ತಟ್ಟೆಯ ಹಾಗೆ ತಗ್ಗಾಗಿ ಅಂಚು ಮೇಲೆದ್ದಿತ್ತು. ಒಳಗೆ ಸಂದಿ ಮುಚ್ಚುವ ಕಾರ್ಕ್ ಗ್ಯಾಸ್ಕೆಟ್ ಬಿಸ್ಕತ್ತಿನ ಹಾಗೆ ಮುರಿಯಿತು. ಕವರನ್ನು ಮರದ ಹಲಗೆ ಮೇಲಿಟ್ಟು ನಿಧಾನಕ್ಕೆ ತಟ್ಟಿ ನೇರ ಮಾಡಿದೆ. ಹೊಸ ಕಾರ್ಕ್ ಒಣಗಿ ಕುಗ್ಗಿತ್ತು, ಬಿಸಿನೀರಲ್ಲಿ ನೆನೆಸಿದರೆ ಮತ್ತೆ ಅಳತೆಗೆ ಬರುತ್ತದೆ. ಕವರ್ ಕಡೆಗೆ ಅಂಟು, ಬ್ಲಾಕ್ ಕಡೆಗೆ ಬರೀ ಗ್ರೀಸ್. ಮುಂದೆ ಬಿಚ್ಚುವಾಗ ಹರಿಯಬಾರದಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಮುಂದಿನ ಕವರಿನಲ್ಲಿ. ಇಂಜಿನ್ ಉಸಿರಾಡುವ ಬ್ರೀದರ್ ಪೈಪ್ ಇರುವುದು ಅಲ್ಲೇ. ತಂತಿ ಹಾಕಿದರೆ ಎರಡು ಇಂಚು ಕೂಡ ಒಳಗೆ ಹೋಗಲಿಲ್ಲ, ಟಾರಿನಂಥ ಕರಿ ಗಸಿ ಗಟ್ಟಿಯಾಗಿ ಕೂತಿತ್ತು. ಇಂಜಿನ್ ತಲೆಯ ಮೇಲಿನ ರಾಕರ್ ಕವರಿನಿಂದ ಏರ್ ಫಿಲ್ಟರಿಗೆ ಹೋಗುವ ಹೋಸ್ ಕೂಡ ಒಳಗೊಳಗೇ ಊದಿ ಮುಚ್ಚಿಕೊಂಡಿತ್ತು. ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಒತ್ತಡ ಸಿಕ್ಕ ಸಂದಿಯಲ್ಲಿ ಆಯಿಲನ್ನು ತಳ್ಳದೆ ಇರುತ್ತಾ? ಹಿಂದೆ ಎರಡು ಸಲ ಗ್ಯಾಸ್ಕೆಟ್ ಹಾಕಿಸಿದ್ದರು ಅಪ್ಪ. ಪೈಪ್ ಒಳಗೆ ಯಾರೂ ನೋಡಿರಲಿಲ್ಲ. ಆ ಖರ್ಚಿಗಿಂತ, ಇದು ಹಳೇ ಗಾಡಿ ಲೀಕ್ ಆಗೋದೇ ಅಂತ ಅವರು ಓಡಿಸುವುದನ್ನೇ ಬಿಟ್ಟಿದ್ದರಲ್ಲ, ಅದಕ್ಕೆ ನನಗೆ ಬೇಜಾರು.

ಪೈಪ್ ತೊಳೆದು, ಹೋಸ್ ಬದಲಿಸಿ, ಬೋಲ್ಟನ್ನು ಕಾರ್ಕ್ ಸ್ವಲ್ಪ ಅದುಮುವಷ್ಟೇ ಬಿಗಿದೆ. ಸಂಜೆ ಒಂದು ಸುತ್ತು ಹೋಗಿ ಬಂದು ಕೆಳಗೆ ರಟ್ಟು ಹಾಸಿದೆ. ಬೆಳಿಗ್ಗೆ ನನಗಿಂತ ಮೊದಲು ಅಪ್ಪ ಅಲ್ಲಿ ಮಂಡಿಯೂರಿ ಕೂತಿದ್ದರು. "ಪಿನ್ ಒಣಗಿದೆ ಕಣೋ" ಅಂದರು. ಮುಂದುಗಡೆ, ಟೈಮಿಂಗ್ ಕವರ್ ಕೆಳಗೆ, ಒಂದೇ ಒಂದು ಹನಿ ಬಿದ್ದಿತ್ತು. ಅದರ ಸುತ್ತ ಅವರು ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದರು.