ಡ್ಯಾನ್ಯೂಬ್‌ನಲ್ಲಿ ಮತ್ತೆ ವಿದ್ಯಾರ್ಥಿಗಳಾಗಿ

ಜರ್ಮನಿಯ ಪಸಾವ್‌ನಲ್ಲಿ ಮೂರು ನದಿಗಳು ಸೇರುತ್ತವೆ. ಕಾಡಿನ ಜೌಗು ನೆಲದಿಂದ ಬರುವ ಇಲ್ಟ್ಸ್ ನದಿಯ ನೀರು ಕಪ್ಪು. ಆಲ್ಪ್ಸ್‌ನ ಹಿಮ ಕರಗಿಸಿಕೊಂಡು ಬರುವ ಇನ್ ನದಿಯದ್ದು ಬೂದು ಬೆರೆತ ಹಸಿರು. ಇವೆರಡರ ನಡುವೆ ಡ್ಯಾನ್ಯೂಬ್. ವರ್ಷದ ಸರಾಸರಿ ನೋಡಿದರೆ ಇಲ್ಲಿಗೆ ಜಾಸ್ತಿ ನೀರು ತರುವುದು ಇನ್. ಆದರೂ ಮುಂದಕ್ಕೆ ಹರಿಯುವ ನದಿಗೆ ಉಳಿದದ್ದು ಡ್ಯಾನ್ಯೂಬ್ ಎಂಬ ಹೆಸರು.

ನಮ್ಮ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಂಘ ಏರ್ಪಡಿಸಿದ್ದ ಪ್ರವಾಸ ಶುರುವಾದದ್ದು ಇಲ್ಲಿಂದ. ಹಡಗಿನಲ್ಲಿ ನಮ್ಮ ಜೊತೆ ಪರಿಸರ ಇತಿಹಾಸದ ಪ್ರೊಫೆಸರ್ ಒಬ್ಬರಿದ್ದರು. ಬೆಳಿಗ್ಗೆ ಅವರ ಪಾಠ, ಆಮೇಲೆ ಊರು ಸುತ್ತಾಟ, ರಾತ್ರಿ ಊಟದ ನಂತರ ಪ್ರಶ್ನೋತ್ತರ. ನಿವೃತ್ತ ಎಂಜಿನಿಯರುಗಳು, ವೈದ್ಯರು, ಶಿಕ್ಷಕರು ಎಲ್ಲರೂ ನೋಟ್‌ಬುಕ್ ಹಿಡಿದು ಕೂತಿದ್ದನ್ನು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಪರೀಕ್ಷೆಯ ಭಯವಿಲ್ಲದೆ ಕಲಿಯುವ ಸುಖ ಬೇರೆಯೇ, ಅಲ್ವಾ?

ಮೊದಲ ಪಾಠ ನಡೆದದ್ದು ಪಸಾವ್‌ನ ಪುರಸಭೆ ಕಟ್ಟಡದ ಗೋಡೆಯ ಮುಂದೆ. ಹಿಂದಿನ ಪ್ರವಾಹಗಳು ಎಷ್ಟು ಎತ್ತರಕ್ಕೆ ಬಂದಿದ್ದವು ಎಂದು ಅಲ್ಲಿ ಗೆರೆ ಎಳೆದು ಇಸವಿ ಬರೆದಿದ್ದಾರೆ. 2013ರ ಜೂನ್‌ನಲ್ಲಿ ನೀರಿನ ಮಟ್ಟ 12.89 ಮೀಟರ್ ಮುಟ್ಟಿತ್ತು. 1501ರ ನಂತರ ಅಷ್ಟು ನೀರು ಬಂದಿರಲಿಲ್ಲ. ಆ ಗೆರೆ ನಮ್ಮೆಲ್ಲರ ತಲೆಗಿಂತ ಎಷ್ಟೋ ಮೇಲಿತ್ತು. "ಈ ನದಿಯನ್ನು ಜನ ಏನು ಮಾಡಲು ಹೊರಟರು, ಏನು ಮಾಡದೆ ಬಿಟ್ಟರು, ದಾರಿಯುದ್ದಕ್ಕೂ ಅದನ್ನು ಗಮನಿಸಿ" ಎಂದರು ಪ್ರೊಫೆಸರ್. ಇಡೀ ಪ್ರವಾಸದ ಪಾಠ ಅದೇ ಆಯಿತು.

ಪಸಾವ್ ದಾಟಿ ಸ್ವಲ್ಪ ಹೊತ್ತಿಗೆ ಯೋಖೆನ್‌ಸ್ಟೈನ್ ಅಣೆಕಟ್ಟು. ಹಡಗುಗಳನ್ನು ಏರಿಸಿ ಇಳಿಸಲು ಎರಡೂ ಕಡೆ ಬಾಗಿಲಿರುವ ತೊಟ್ಟಿಗೆ ಲಾಕ್ ಎನ್ನುತ್ತಾರೆ. ಹಡಗು ಅದರೊಳಗೆ ನಿಂತಿತು. ಹಿಂದಿನ ಬಾಗಿಲು ಮುಚ್ಚಿತು. ನೀರು ಇಳಿಯುತ್ತಾ ಹೋದಂತೆ ಹಡಗೂ ಲಿಫ್ಟ್‌ನಂತೆ ಸದ್ದಿಲ್ಲದೆ ಕೆಳಗಿಳಿಯಿತು. ಒದ್ದೆ ಕಾಂಕ್ರೀಟ್ ಗೋಡೆ ಕಿಟಕಿಯ ಮುಂದೆ ಬೆಳೆಯುತ್ತಲೇ ಹೋಯಿತು. ಮುಂದಿನ ಬಾಗಿಲು ತೆರೆದಾಗ ನಾವು ಸುಮಾರು ಹತ್ತು ಮೀಟರ್ ಕೆಳಗಿದ್ದೆವು. ಆಸ್ಟ್ರಿಯಾದ ಉದ್ದಕ್ಕೂ ಇಂಥ ಲಾಕ್‌ಗಳು ಒಂದಾದ ಮೇಲೊಂದು ಬರುತ್ತವೆ. ಆ ದೇಶದ ಅರ್ಧಕ್ಕಿಂತ ಜಾಸ್ತಿ ವಿದ್ಯುತ್ ಬರುವುದು ನೀರಿನಿಂದಲೇ. ಅಲ್ಲಿ ಡ್ಯಾನ್ಯೂಬ್ ಈಗ ತಡೆಯಿಲ್ಲದೆ ಹರಿಯುವುದು ಎರಡು ಕಡೆ ಮಾತ್ರ: ವಾಖಾವ್ ಕಣಿವೆ, ಮತ್ತು ವಿಯೆನ್ನಾದಿಂದ ಪೂರ್ವಕ್ಕೆ.

ಮೆಲ್ಕ್‌ನ ಸನ್ಯಾಸಿ ಮಠ ಚೆನ್ನಾಗಿದೆ. ಅದರ ಗ್ರಂಥಾಲಯವಂತೂ ಬಿಟ್ಟು ಬರಲು ಮನಸ್ಸಾಗದ ಜಾಗ. ಆದರೆ ನನ್ನ ಮನಸ್ಸು ಸೆಳೆದದ್ದು ಅಲ್ಲಿಂದ ಕ್ರೆಮ್ಸ್‌ವರೆಗಿನ ವಾಖಾವ್. ಕಲ್ಲಿನ ಕಟ್ಟೆ ಕಟ್ಟಿ ಮಾಡಿದ ಮೆಟ್ಟಿಲು ದ್ರಾಕ್ಷಿ ತೋಟಗಳು, ಏಪ್ರಿಕಾಟ್ ಮರಗಳು. ಡ್ಯುರ್ನ್‌ಸ್ಟೈನ್‌ನಲ್ಲಿ ಬೆಟ್ಟದ ತುದಿಗೆ ಹಾಳುಬಿದ್ದ ಕೋಟೆ. ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್‌ನನ್ನು 1192ರಲ್ಲಿ ಸೆರೆ ಇಟ್ಟದ್ದು ಇಲ್ಲೇ. ಈ ಕಣಿವೆಯಲ್ಲೂ ಅಣೆಕಟ್ಟಿನ ಯೋಜನೆ ಇತ್ತು. 1970ರ ದಶಕದಲ್ಲಿ ಊರಿನವರು ಸೇರಿ ವಿರೋಧಿಸಿದರು, ಅಣೆಕಟ್ಟು ಬರಲಿಲ್ಲ. 2000ದಲ್ಲಿ ವಾಖಾವ್ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕ್ರೆಮ್ಸ್ ದಾಟಿದ ಮೇಲೆ ಬಲದಂಡೆಯಲ್ಲಿ ಎತ್ತರದ ಬೂದು ಕಟ್ಟಡವೊಂದು ಕಂಡಿತು. ಯಾರೂ ಕ್ಯಾಮೆರಾ ತೆಗೆಯಲಿಲ್ಲ. ಅದು ಟ್ಸ್ವೆಂಟೆನ್‌ಡಾರ್ಫ್ ಅಣು ವಿದ್ಯುತ್ ಸ್ಥಾವರ ಎಂದು ಪ್ರೊಫೆಸರ್ ಹೇಳಿದ ಮೇಲೆ ಎಲ್ಲರೂ ಡೆಕ್ಕಿನ ಆ ಬದಿಗೆ ಬಂದರು. ಪೂರ್ತಿ ಕಟ್ಟಿ ಮುಗಿಸಿದ ಸ್ಥಾವರ. ಒಂದು ದಿನವೂ ನಡೆಯಲಿಲ್ಲ. 1978ರ ನವೆಂಬರ್ 5ರಂದು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಬ್ರೂನೊ ಕ್ರೈಸ್ಕಿ ಜನಮತ ಕೇಳಿದರು. ಶೇಕಡಾ 50.5ರಷ್ಟು ಜನ ಬೇಡ ಎಂದರು. ವ್ಯತ್ಯಾಸ ಸುಮಾರು 30 ಸಾವಿರ ಮತ. ಅಷ್ಟು ಖರ್ಚು ಮಾಡಿದ ಸರ್ಕಾರ ಆ ಮಾತಿಗೆ ಬೆಲೆ ಕೊಟ್ಟಿತಲ್ಲ, ಅದು ನನಗೆ ದೊಡ್ಡ ವಿಷಯ. ಇವತ್ತು ಅಲ್ಲಿ ಸೌರ ಫಲಕಗಳಿವೆ.

ವಿಯೆನ್ನಾಕ್ಕೆ ಸಿಕ್ಕ ಸಮಯ ಸಾಲದು. ಆ ನಗರಕ್ಕೆ ಬೇರೆಯಾಗಿಯೇ ಹೋಗಬೇಕು. ನಮ್ಮ ಪಾಠಕ್ಕೆ ಬೇಕಾದದ್ದು ಅಲ್ಲಿನ ಫ್ರಾಯ್ಡೆನಾವ್ ಜಲವಿದ್ಯುತ್ ಕೇಂದ್ರ. ಅದನ್ನು ಕಟ್ಟುವ ಮುಂಚೆ, 1991ರಲ್ಲಿ, ನಗರದ ಜನರನ್ನು ಕೇಳಿದ್ದರು. ಇಲ್ಲಿ ಜನ ಬೇಕು ಎಂದರು.

ಅದರಾಚೆ ಎರಡೂ ಕಡೆ ದಟ್ಟ ಕಾಡು. ದಂಡೆಯಲ್ಲಿ ಜಲ್ಲಿಕಲ್ಲಿನ ದಿಬ್ಬಗಳು, ನೀರಿಗೆ ಬಾಗಿದ ವಿಲೋ ಮರಗಳು. ಹೈನ್‌ಬುರ್ಗ್ ಹತ್ತಿರ 1984ರಲ್ಲಿ ಅಣೆಕಟ್ಟಿಗಾಗಿ ಈ ಕಾಡು ಕಡಿಯಲು ಹೊರಟಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೇರೆ ಬೇರೆ ಪಕ್ಷದ ರಾಜಕಾರಣಿಗಳೇ ಪ್ರಾಣಿ ಪಕ್ಷಿಗಳ ವೇಷ ಹಾಕಿ ಪತ್ರಿಕಾಗೋಷ್ಠಿ ನಡೆಸಿದರು. ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಕಾಡಿನೊಳಗೆ ಡೇರೆ ಹಾಕಿ ಕೂತರು. ಪೊಲೀಸರು ಲಾಠಿ ಬೀಸಿದರು, ಹಲವರಿಗೆ ಗಾಯವಾಯಿತು. ಡಿಸೆಂಬರ್ 22ರಂದು ಚಾನ್ಸಲರ್ ಫ್ರೆಡ್ ಸಿನೊವಾಟ್ಸ್ ಕ್ರಿಸ್‌ಮಸ್ ಶಾಂತಿ, ಅಂದರೆ ಹಬ್ಬಕ್ಕಾಗಿ ಕೆಲಸಕ್ಕೆ ವಿರಾಮ, ಘೋಷಿಸಿದರು. ನಿಂತ ಕೆಲಸ ಮತ್ತೆ ಶುರುವಾಗಲಿಲ್ಲ. 1996ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಪುಸ್ತಕದಲ್ಲಿ ಓದಿದ್ದರೆ ಇದು ಒಂದು ಸಾಲು. ಹಡಗು ಆ ಮರಗಳ ಪಕ್ಕದಲ್ಲೇ ಸಾಗುವಾಗ ಕೇಳಿದ್ದಕ್ಕೆ ನನ್ನ ಕಣ್ಣು ತುಂಬಿತು.

ಸ್ಲೊವಾಕಿಯಾದ ಬ್ರಾಟಿಸ್ಲಾವಾ ಆದ ಮೇಲೆ ಗಾಬ್ಚಿಕೊವೊ. ಇಲ್ಲಿನ ಲಾಕ್‌ನಲ್ಲಿ ಹಡಗು ಸುಮಾರು 20 ಮೀಟರ್ ಇಳಿಯುತ್ತದೆ. ಹಂಗೇರಿ ಮತ್ತು ಚೆಕೊಸ್ಲೊವಾಕಿಯಾ 1977ರಲ್ಲಿ ಒಪ್ಪಂದ ಮಾಡಿಕೊಂಡು ಜಂಟಿಯಾಗಿ ಹಿಡಿದ ಅಣೆಕಟ್ಟು ಯೋಜನೆ ಇದು. ಜನರ ವಿರೋಧ ಜೋರಾಗಿ 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿತು. ಇನ್ನೊಂದು ಕಡೆಯವರು 1992ರಲ್ಲಿ ನದಿಯನ್ನೇ ಕಾಲುವೆಗೆ ತಿರುಗಿಸಿದರು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 1997ರಲ್ಲಿ ಇಬ್ಬರದೂ ತಪ್ಪಿದೆ ಎಂದಿತು. ಆ ರಾತ್ರಿ ನಮ್ಮಲ್ಲೂ ವಾದ ಜೋರಾಯಿತು. ಪ್ರವಾಹ ತಡೆಯಬೇಕು, ಹಡಗು ಓಡಬೇಕು, ವಿದ್ಯುತ್ ಬೇಕು ಎಂದು ಎಂಜಿನಿಯರ್ ಒಬ್ಬರು ಲೆಕ್ಕ ಹೇಳಿದರು. ಹಳೆಯ ಪಾತ್ರದ ಊರುಗಳಲ್ಲಿ ನೀರು ಕಡಿಮೆಯಾಗಿದ್ದರ ಲೆಕ್ಕ ಎಲ್ಲಿ ಎಂದು ಶಿಕ್ಷಕಿಯೊಬ್ಬರು ಕೇಳಿದರು. ಪ್ರೊಫೆಸರ್ ತೀರ್ಪು ಕೊಡಲಿಲ್ಲ.

ಬುಡಾಪೆಸ್ಟ್‌ಗೆ ಮುಂಚೆ ನದಿ ಬೆಟ್ಟಗಳ ನಡುವೆ ದಕ್ಷಿಣಕ್ಕೆ ತಿರುಗುತ್ತದೆ. ಅಲ್ಲಿನ ನಾಗ್ಯ್‌ಮಾರೊಶ್‌ನಲ್ಲಿ ಹಂಗೇರಿ ತನ್ನ ಪಾಲಿನ ಅಣೆಕಟ್ಟು ಕಟ್ಟಬೇಕಿತ್ತು. ಈಗ ನೀರು, ದಂಡೆ, ಎದುರಿಗೆ ವಿಶೆಗ್ರಾಡ್ ಕೋಟೆ, ಅಷ್ಟೇ. ಹಿಂದಿನ ರಾತ್ರಿ ವಾದ ಮಾಡಿದ್ದ ಎಂಜಿನಿಯರೇ ಎಲ್ಲರಿಗಿಂತ ಮೊದಲು ಡೆಕ್ಕಿಗೆ ಬಂದಿದ್ದರು.

ಇಂಥ ಪ್ರವಾಸಕ್ಕೆ ಹೋಗುವವರಿಗೆ ಒಂದು ಮಾತು. ಕೋಣೆ, ಊಟ ಎಲ್ಲಾ ಹಡಗಿನಲ್ಲೂ ಚೆನ್ನಾಗಿಯೇ ಇರುತ್ತದೆ. ಜೊತೆಗೆ ಬರುವ ಮೇಷ್ಟ್ರು ಯಾರು, ಅವರ ವಿಷಯ ಏನು ಎಂದು ಮೊದಲು ಕೇಳಿ. ವಾಖಾವ್ ಅನ್ನು ಹಡಗು ಹಗಲಲ್ಲಿ ದಾಟುತ್ತದೆಯೇ ಎಂದೂ ವಿಚಾರಿಸಿ, ಆಮೇಲೆ ದುಡ್ಡು ಕಟ್ಟಿ.