ಪಿಕಳಾರದ ಗೂಡಿನಲ್ಲಿ ಹಿಕ್ಕೆ ಏಕೆ ಕಾಣುವುದಿಲ್ಲ?

ದಾಸವಾಳದ ಗಿಡದಲ್ಲೋ ಬಾಲ್ಕನಿಯ ತೂಗುಕುಂಡದಲ್ಲೋ ಪಿಕಳಾರ ಗೂಡು ಕಟ್ಟಿದಾಗ ಒಂದು ವಿಷಯ ಗಮನಿಸಿ. ಅಂಗೈಯಷ್ಟು ಬಟ್ಟಲಿನಲ್ಲಿ ಎರಡು ಮೂರು ಮರಿಗಳಿರುತ್ತವೆ. ಬೆಳಗಿನಿಂದ ಸಂಜೆವರೆಗೆ ಹುಳು, ಹಣ್ಣು ನುಂಗುತ್ತಲೇ ಇರುತ್ತವೆ. ಆದರೂ ಮೊದಲ ವಾರವಿಡೀ ಗೂಡಿನ ಒಳಗೆ ಒಂದು ಹನಿ ಹಿಕ್ಕೆ ಸಿಗುವುದಿಲ್ಲ. ಈ ಚೊಕ್ಕಟತನದ ಹಿಂದೆ ತಾಯಿ ತಂದೆಯರ ದುಡಿಮೆಯೂ ಮರಿಯ ದೇಹದ ಏರ್ಪಾಡೂ ಇವೆ.

ಮರಿಯ ಕರುಳಿನ ಕೊನೆಯಲ್ಲಿ ಹಿಕ್ಕೆಯ ಸುತ್ತ ಲೋಳೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಹೊರಗೆ ಬರುವುದು ಒಡೆಯದ, ಸೋರದ ಬಿಳಿ ಚೀಲ. ಅದರ ಒಂದು ತುದಿ ಕಪ್ಪು. ಬಿಳಿ ಭಾಗ ಯೂರಿಕ್ ಆಮ್ಲ, ಕಪ್ಪು ಭಾಗ ಮಲ. ಮರಿ ಸಿಕ್ಕಸಿಕ್ಕಾಗ ಹಿಕ್ಕೆ ಹಾಕುವುದಿಲ್ಲ. ಗುಟುಕು ನುಂಗಿದ ಕೆಲವೇ ಕ್ಷಣಗಳಲ್ಲಿ ಹಿಂಭಾಗವನ್ನು ಮೇಲೆತ್ತಿ ಚೀಲವನ್ನು ಹೊರಹಾಕುತ್ತದೆ. ಗುಟುಕು ಕೊಟ್ಟ ಹಕ್ಕಿ ತಕ್ಷಣ ಹಾರದೆ ಗೂಡಿನ ಅಂಚಿನಲ್ಲಿ ತಲೆ ಬಗ್ಗಿಸಿ ನಿಲ್ಲುವುದು ಇದಕ್ಕಾಗಿಯೇ. ಚೀಲ ಹೊರಬರುತ್ತಿದ್ದಂತೆ ಕೊಕ್ಕಿನಲ್ಲಿ ಹಿಡಿದುಬಿಡುತ್ತದೆ. ಪ್ರತಿ ಗುಟುಕಿಗೂ ಚೀಲ ಬರುವುದಿಲ್ಲ. ಬಾರದಿದ್ದರೆ ಸ್ವಲ್ಪ ಕಾದು ಹೊರಟುಹೋಗುತ್ತದೆ.

ಮೊದಲ ಕೆಲವು ದಿನ ಚೀಲಗಳನ್ನು ದೊಡ್ಡ ಹಕ್ಕಿಗಳೇ ನುಂಗುತ್ತವೆ. ನಮಗೆ ಅಸಹ್ಯ ಅನ್ನಿಸಬಹುದು, ಆದರೆ ಎಳೆಯ ಮರಿಯ ಕರುಳು ಆಹಾರವನ್ನು ಪೂರ್ತಿ ಅರಗಿಸುವುದಿಲ್ಲ, ಚೀಲದಲ್ಲಿ ಪೋಷಕಾಂಶವೂ ನೀರೂ ಉಳಿದಿರುತ್ತವೆ. ಮರಿಗೆ ಕಾವು ಕೊಡುತ್ತ ಕುಳಿತ ತಾಯಿ ಚೀಲ ಬಿಸಾಡಲು ಎದ್ದು ಹೋಗಬೇಕಾಗಿಯೂ ಇಲ್ಲ. ಮರಿ ಬಲಿತಂತೆ ಚೀಲ ದೊಡ್ಡದಾಗುತ್ತದೆ, ಅದರಲ್ಲಿ ಸತ್ವ ಕಡಿಮೆಯಾಗುತ್ತದೆ. ಆಗ ನುಂಗುವುದು ಬಿಟ್ಟು ಹೊತ್ತೊಯ್ದು ದೂರದಲ್ಲಿ ಉದುರಿಸುತ್ತವೆ. ಗೂಡಿನ ಕೆಳಗೇ ಬಿದ್ದರೆ ಬಿಳಿ ಕಲೆಯೂ ವಾಸನೆಯೂ ಬೆಕ್ಕಿಗೆ, ಕಾಗೆಗೆ, ಕೆಂಬೂತಕ್ಕೆ ಗೂಡಿನ ಗುರುತು ತೋರಿಸುತ್ತವೆ. ಒದ್ದೆ ಗೂಡಿನಲ್ಲಿ ಇನ್ನೂ ಪುಕ್ಕ ಬಾರದ ಮರಿಗೆ ಚಳಿ ಹತ್ತುತ್ತದೆ, ನೊಣ ಮೊಟ್ಟೆಯಿಡುತ್ತದೆ, ಇರುವೆ ಬರುತ್ತದೆ.

ಮೊಟ್ಟೆಯೊಡೆದ ದಿನವೂ ಇದೇ ಎಚ್ಚರ. ಖಾಲಿ ಚಿಪ್ಪನ್ನು ತಿನ್ನುತ್ತವೆ ಇಲ್ಲವೇ ದೂರ ಒಯ್ಯುತ್ತವೆ. ಚಿಪ್ಪಿನ ಒಳಮೈ ಬಿಳಿ, ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಕಡಲಹಕ್ಕಿಗಳ ಮೊಟ್ಟೆಯ ಬಳಿ ಒಡೆದ ಚಿಪ್ಪು ಇಟ್ಟರೆ ಕಾಗೆಗಳು ಆ ಮೊಟ್ಟೆಗಳನ್ನು ಹೆಚ್ಚಾಗಿ ಹುಡುಕಿ ತಿನ್ನುತ್ತವೆಂದು ತೋರಿಸಿದವು.

ಇನ್ನೊಂದು ಕೆಲಸ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಹಲವು ಸಣ್ಣ ಹಕ್ಕಿಗಳಲ್ಲಿ ತಾಯಿ ಗೂಡಿನ ತಳಕ್ಕೆ ಕೊಕ್ಕು ತೂರಿಸಿ ಮೈಯೆಲ್ಲ ನಡುಗಿಸುತ್ತ ಕೆದಕುತ್ತದೆ. ಹಾಸಿನಲ್ಲಿ ಅಡಗಿದ ಹೇನು, ನುಸಿ, ನೊಣದ ಮರಿಹುಳುಗಳನ್ನು ಹೆಕ್ಕುವ ಪರಿ ಇದು.

ಎಲ್ಲ ಹಕ್ಕಿಗಳೂ ಇಷ್ಟು ಶುಚಿಯಲ್ಲ. ಪಾರಿವಾಳದ ಮರಿಗಳ ಹಿಕ್ಕೆಗೆ ಚೀಲವೇ ಇರುವುದಿಲ್ಲ. ಗೂಡಿನ ಅಂಚಿನಲ್ಲಿ ಅದು ಪದರಪದರವಾಗಿ ಗಟ್ಟಿಯಾಗುತ್ತದೆ. ಮಣ್ಣಿನ ದಿಬ್ಬದಲ್ಲಿ, ಹಳೆಯ ಬಾವಿಯ ಗೋಡೆಯಲ್ಲಿ ಬಿಲ ತೋಡುವ ಮಿಂಚುಳ್ಳಿಯ ಮನೆ ಮೀನಿನ ಮುಳ್ಳು, ಹಿಕ್ಕೆಗಳಿಂದ ನಾರುತ್ತದೆ. ಮಂಗಟ್ಟೆಯ ದಾರಿಯೇ ಬೇರೆ. ಹೆಣ್ಣು ಮರದ ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಳ್ಳುವಾಗ ತನ್ನ ಹಿಕ್ಕೆಯನ್ನೇ ಗಾರೆಯಂತೆ ಬಳಸುತ್ತದೆ, ಆಮೇಲೆ ಉಳಿಸಿಕೊಂಡ ಸೀಳಿನಿಂದ ಹಿಕ್ಕೆಯನ್ನು ಹೊರಕ್ಕೆ ಚಿಮ್ಮಿಸುತ್ತದೆ. ದಾಂಡೇಲಿಯ ಕಾಡಿನಲ್ಲಿ ಮರದ ಬುಡದ ಹಿಕ್ಕೆ ಮತ್ತು ಬೀಜಗಳ ರಾಶಿ ನೋಡಿ ಅದರ ಗೂಡು ಪತ್ತೆ ಮಾಡಬಹುದು.

ಔಷಧಿ ಸೊಪ್ಪು ತರುವ ಹಕ್ಕಿಗಳೂ ಇವೆ. ಕೋಲ್ಕತಾದ ಗುಬ್ಬಚ್ಚಿಗಳು ಗೂಡಿಗೆ ಬೇವಿನೆಲೆ ತರುವುದನ್ನು 1981ರಲ್ಲೇ ಬರೆದಿಡಲಾಗಿದೆ. ಮೆಕ್ಸಿಕೊ ನಗರದ ಗುಬ್ಬಚ್ಚಿಗಳು ಸೇದಿ ಬಿಸಾಡಿದ ಸಿಗರೇಟ್ ತುದಿಗಳನ್ನು ಹಾಸಿಗೆ ಸೇರಿಸಿಕೊಳ್ಳುತ್ತವೆ. ನಿಕೋಟಿನ್ ಇರುವ ಗೂಡಿನಲ್ಲಿ ನುಸಿ ಕಡಿಮೆ.

ಈಗ ನಮ್ಮ ಕೆಲಸಕ್ಕೆ ಬರೋಣ. ಮರಿಗಳಿರುವಾಗ ಗೂಡು ಸ್ವಚ್ಛ ಮಾಡಲು ಹೋಗಲೇಬೇಡಿ. ಕೊಳೆ ಕಂಡರೆ ಅದನ್ನು ಸೂಚನೆ ಎಂದು ಓದಿಕೊಳ್ಳಿ. ಪಿಕಳಾರದ ಮರಿಗಳು ಸುಮಾರು 12 ದಿನಕ್ಕೆ ಗೂಡು ಬಿಡುತ್ತವೆ. ಕೊನೆಯ ಎರಡು ಮೂರು ದಿನ ಅಂಚಿನಲ್ಲಿ, ಕೆಳಗಿನ ಎಲೆಗಳ ಮೇಲೆ ಬಿಳಿ ಕಲೆ ಬಿದ್ದರೆ ಅದು ಸಹಜ. ಆಗ ಮರಿಗಳು ತಾವೇ ಅಂಚಿಗೆ ಬಂದು ಹಿಕ್ಕೆ ಹಾಕುತ್ತವೆ. ಆದರೆ ಇನ್ನೂ ರೆಕ್ಕೆ ಬಲಿಯದ ಮರಿಗಳ ನಡುವೆ ಚೀಲಗಳು ಒಟ್ಟಾಗತೊಡಗಿದರೆ ದೊಡ್ಡ ಹಕ್ಕಿಗಳು ಬರುತ್ತಿಲ್ಲವೆಂದು ಶಂಕಿಸಿ. ದೂರ ಸರಿದು, ಮರೆಯಲ್ಲಿ ಕುಳಿತು ಒಂದೆರಡು ಗಂಟೆ ನೋಡಿ. ಎಷ್ಟೋ ಸಲ ನಾವು ಅಲ್ಲೇ ನಿಂತಿರುವುದೇ ಅವು ಬಾರದಿರುವುದಕ್ಕೆ ಕಾರಣ. ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ ಎಂಬುದೂ ನೆನಪಿರಲಿ.

ತೂಗುಕುಂಡದಲ್ಲಿ ಗೂಡಿದ್ದರೆ ಮೇಲಿನಿಂದ ನೀರು ಸುರಿಯಬೇಡಿ. ಸಣ್ಣ ಮೂತಿಯ ಪಾತ್ರೆಯಿಂದ ಕುಂಡದ ಅಂಚಿನ ಮಣ್ಣಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಮರಿಗೆ ತಂದ ಹಣ್ಣಿನ ಚೂರು ಬಿದ್ದರೆ ಇರುವೆ ಹತ್ತುತ್ತದೆ. ಕುಂಡ ಸ್ಟ್ಯಾಂಡಿನ ಮೇಲಿದ್ದರೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ. ತೂಗುಹಾಕಿದ್ದರೆ ಹಕ್ಕಿ ಕೂರದಷ್ಟು ಮೇಲೆ, ಸೂರಿನ ಕೊಕ್ಕೆಗೆ ಮಾತ್ರ ವ್ಯಾಸಲೀನ್ ಸವರಿ. ತಂತಿಗೆಲ್ಲ ಬಳಿದರೆ ಅದು ಪುಕ್ಕಕ್ಕೆ ಅಂಟಿ ಹಕ್ಕಿ ಕಷ್ಟಪಡುತ್ತದೆ. ಇರುವೆ ಪುಡಿ, ಕೀಟನಾಶಕ ಸಿಂಪಡಿಸಲೇಬೇಡಿ. ಅದು ಹುಳುವಿನ ಮೂಲಕ ನೇರ ಮರಿಯ ಹೊಟ್ಟೆಗೆ ಹೋಗುತ್ತದೆ.

ಗುಬ್ಬಚ್ಚಿ ಪೆಟ್ಟಿಗೆಯ ವಿಷಯ ಬೇರೆ. ಅಲ್ಲಿ ಸ್ವಚ್ಛತೆ ನಮ್ಮ ಹೊಣೆ. ಮರಿಗಳು ಬಲಿತ ಮೇಲೆ ದೊಡ್ಡವು ಚೀಲ ಎತ್ತುವುದನ್ನು ಬಿಡುತ್ತವೆ. ಹುಲ್ಲು, ಹಿಕ್ಕೆ ಸೇರಿ ಗಟ್ಟಿ ಹೆಪ್ಪಾಗಿ, ನುಸಿ ಉಳಿದು ಮುಂದಿನ ಸಂಸಾರಕ್ಕೆ ಅಂಟುತ್ತದೆ. ಗುಬ್ಬಚ್ಚಿ ಒಂದು ಸಂಸಾರ ಮುಗಿಸಿ ಬೇಗನೆ ಮತ್ತೆ ಮೊಟ್ಟೆಯಿಡುವುದರಿಂದ, ಮರಿ ಹಾರಿದ ಎರಡು ಮೂರು ದಿನದೊಳಗೆ ಈ ಕೆಲಸ ಮುಗಿಯಬೇಕು. ಮುಚ್ಚಳ ತೆರೆದು ಮೊಟ್ಟೆ, ಮರಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಹಳೆಯ ಹಾಸನ್ನು ಮೊದಲು ನೀರು ಚಿಮುಕಿಸಿ ನೆನೆಸಿ. ಒಣ ಹಿಕ್ಕೆ ಕೆರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು; ಪಾರಿವಾಳದ ಹಿಕ್ಕೆ ತೆಗೆಯುವಾಗಲಂತೂ ಈ ಹೆಜ್ಜೆ ಬಿಡಲೇಬಾರದು. ಹಾಸನ್ನು ಚೀಲದಲ್ಲಿ ಕಟ್ಟಿ ಬಿಸಾಡಿ, ಪೆಟ್ಟಿಗೆಗೆ ಕುದಿಯುವ ನೀರು ಹುಯ್ದು ಮೂಲೆಗಳನ್ನು ಬ್ರಷ್‌ನಿಂದ ಉಜ್ಜಿ. ಫಿನಾಯಿಲ್ ಬೇಡ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ತಳದ ನೀರು ಸೋರುವ ತೂತುಗಳು ಕಟ್ಟಿಲ್ಲವೆಂದು ಕಡ್ಡಿ ಹಾಕಿ ನೋಡಿ, ಅದೇ ಜಾಗಕ್ಕೆ, ಅದೇ ದಿಕ್ಕಿಗೆ ತೂಗುಹಾಕಿ. ಹೊಸ ಹುಲ್ಲು ತುಂಬಬೇಡಿ, ಬೇಕಾದುದನ್ನು ಅವೇ ತಂದುಕೊಳ್ಳುತ್ತವೆ.