ಟಚ್‌ಲೈನ್ (ಮೈದಾನದ ಅಂಚಿನ ಗೆರೆ) ಹೊರಗೆ ನಿಂತು ಮಗುವಿಗೆ ಏನಂತ ಕೂಗಬೇಕು?

ಮಕ್ಕಳಿಗೆ ರಗ್ಬಿ ಕಲಿಸುವ ನಮ್ಮಂಥ ಕೋಚ್‌ಗಳನ್ನು ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು: "ನಮಗೆ ಈ ಆಟದ ತಲೆಬುಡ ಗೊತ್ತಿಲ್ಲ. ಪಂದ್ಯ ನಡೆಯುವಾಗ ಮಗುವಿಗೆ ಏನು ಹೇಳಿ ಹುರಿದುಂಬಿಸಬೇಕು?"

ಒಳ್ಳೆಯ ಆಟ ಕಂಡರೆ ಚಪ್ಪಾಳೆ ತಟ್ಟಿ, ಎದುರು ತಂಡದ ಮಗು ಆಡಿದ್ದಾದರೂ ಸರಿ. ಆದರೆ ಚೆಂಡು ಆಟದಲ್ಲಿರುವಾಗ ಹೀಗೆ ಮಾಡು, ಹಾಗೆ ಮಾಡು ಅನ್ನಬೇಡಿ. ಆಟ ಗೊತ್ತಿಲ್ಲದವರು ಇದನ್ನು ಸುಲಭವಾಗಿ ಪಾಲಿಸುತ್ತಾರೆ. ಕಷ್ಟವಾಗುವುದು ಅರ್ಧಂಬರ್ಧ ಗೊತ್ತಿರುವವರಿಗೆ.

"ಪಾಸ್ ಮಾಡು!" ಎಂಬ ಕೂಗನ್ನೇ ತೆಗೆದುಕೊಳ್ಳಿ. ನಮ್ಮವರು ಇಬ್ಬರು, ಎದುರಿಗೆ ತಡೆಯಲು ಒಬ್ಬಳೇ ಇದ್ದಾಳೆ ಅಂದುಕೊಳ್ಳಿ. ಚೆಂಡು ಹಿಡಿದವಳು ಆ ಡಿಫೆಂಡರ್ ಕಡೆಗೇ ಓಡಬೇಕು. ಡಿಫೆಂಡರ್ ತನ್ನನ್ನು ಹಿಡಿಯಲು ಹೊರಟು, ಇನ್ನು ದಿಕ್ಕು ಬದಲಿಸಲಾರಳು ಎನ್ನುವಷ್ಟು ಹತ್ತಿರ, ಅಂದರೆ ಸುಮಾರು ಎರಡು ಮೀಟರ್‌ಗೆ ಬಂದಾಗ ಪಾಸ್ ಕೊಡಬೇಕು. ಹೊರಗೆ ನಿಂತವರಿಗೆ ಖಾಲಿ ಜಾಗ ಬಹಳ ಮೊದಲೇ ಕಾಣಿಸುತ್ತದೆ, ಕೂಗಿಬಿಡುತ್ತಾರೆ. ದನಿ ಕೇಳಿದ್ದೇ ತಡ, ಮಗು ಚೆಂಡು ಬಿಟ್ಟುಕೊಡುತ್ತದೆ. ಡಿಫೆಂಡರ್ ಆರಾಮಾಗಿ ಪಕ್ಕಕ್ಕೆ ಸರಿದು ಚೆಂಡು ಪಡೆದವಳನ್ನು ಕೆಡವುತ್ತಾಳೆ. ಮೈದಾನದಲ್ಲಿ ಪಾಸ್ ಕೊಟ್ಟವಳ ಲೆಕ್ಕಕ್ಕೆ ಬರೆದ ತಪ್ಪು ನಿಜವಾಗಿ ಕೂಗಿದವರ ಲೆಕ್ಕಕ್ಕೆ ಹೋಗಬೇಕು. ಇದೇ ಹಲವು ವಾರ ನಡೆದರೆ ಮಗು ಡಿಫೆಂಡರ್‌ನ ಕಾಲನ್ನು ಗಮನಿಸುವುದನ್ನೇ ಬಿಟ್ಟು ಹೊರಗಿನ ದನಿಗೆ ಕಾಯುತ್ತದೆ.

"ಓಡು, ಓಡು!" ಕೂಡ ಅಷ್ಟೇ. ವೇಗದ ಹುಡುಗ ಜೊತೆಯವರನ್ನು ಹತ್ತು ಮೀಟರ್ ಹಿಂದೆ ಬಿಟ್ಟು ಒಂಟಿಯಾಗಿ ಸಿಕ್ಕಿಬೀಳುತ್ತಾನೆ. ಕೆಡವಿಸಿಕೊಂಡ ಮೇಲೆ ಚೆಂಡನ್ನು ತಕ್ಷಣ ಬಿಡಬೇಕೆಂಬುದು ನಿಯಮ. ಬಿಟ್ಟ ಚೆಂಡನ್ನು ಎತ್ತಿಕೊಳ್ಳಲು ಅಲ್ಲಿ ನಮ್ಮವರು ಯಾರೂ ಇರುವುದಿಲ್ಲ.

ಇವು ಚೆಂಡು ಕಳೆಯುವ ಕೂಗುಗಳು. "ಹೊಡಿ! ಬೀಳಿಸು!" ಎಂಬುದು ಮೈಗೆ ಪೆಟ್ಟು ತರುವ ಕೂಗು. ಏಕೆ ಎಂದು ತಿಳಿಯಬೇಕಾದರೆ ಟ್ಯಾಕಲ್, ಅಂದರೆ ಚೆಂಡು ಹಿಡಿದವರನ್ನು ಹಿಡಿದು ಕೆಡವುವುದನ್ನು, ಹೇಗೆ ಕಲಿಸುತ್ತೇವೆ ಎಂಬುದನ್ನು ನೋಡಬೇಕು. ಎದುರಾಳಿ ಹತ್ತಿರವಾದಂತೆ ಹೆಜ್ಜೆ ಚಿಕ್ಕದಾಗಬೇಕು. ಯಾವ ಭುಜ ತಾಗಿಸುತ್ತೇವೋ ಅದೇ ಬದಿಯ ಕಾಲನ್ನು ಎದುರಾಳಿಯ ಪಾದದ ಸಮೀಪ ಊರಬೇಕು. ಮಂಡಿ ಬಗ್ಗಿ, ಬೆನ್ನು ನೇರವಿದ್ದು, ಗದ್ದ ಎದೆಗೆ ತಾಗದೆ, ಕಣ್ಣು ತೆರೆದಿರಬೇಕು. ಪಕ್ಕದಿಂದ ಹಿಡಿಯುವಾಗ ತಲೆ ಎದುರಾಳಿಯ ಬೆನ್ನಿನ ಹಿಂದೆ ಹೋಗಬೇಕು, ಅವನು ಓಡುವ ದಾರಿಗೆ ಅಡ್ಡ ಬರಬಾರದು. ಭುಜ ತಾಗಿದ ಮೇಲೆ ಎರಡೂ ತೋಳು ಸುತ್ತಿ, ಬಿಗಿಹಿಡಿದು, ಕಾಲು ನಿಲ್ಲಿಸದೆ ತಳ್ಳಬೇಕು. ಇದನ್ನು ಮೊದಲು ಮಂಡಿಯೂರಿ ಕುಳಿತು, ಆಮೇಲೆ ನಡೆಯುತ್ತಾ, ನಿಧಾನ ಓಟದಲ್ಲಿ, ಕೊನೆಗೆ ಪೂರ್ಣ ವೇಗದಲ್ಲಿ ಮಾಡಿಸುತ್ತೇವೆ. ಒಂದು ಹಂತದಲ್ಲಿ ತಲೆ ತಪ್ಪು ಬದಿಗೆ ಹೋದರೆ ಒಂದು ಹಂತ ಹಿಂದಕ್ಕೆ ಬರುತ್ತೇವೆ.

ಮಕ್ಕಳು ಮಾಡುವ ತಪ್ಪು ಹೆಚ್ಚಾಗಿ ಒಂದೇ: ಕಾಲು ಒಂದು ಮೀಟರ್ ದೂರದಲ್ಲೇ ನಿಂತುಬಿಡುತ್ತದೆ. ಆಗ ಕೈ ಚಾಚಬೇಕಾಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ತಲೆ ತಗ್ಗಿ ಎದುರಾಳಿಯ ಮಂಡಿ ಅಥವಾ ಸೊಂಟದ ಮುಂದೆ ಬರುತ್ತದೆ. ರಭಸದ ಕೂಗು ಕೇಳಿದ ಮಗು ಆ ಚಿಕ್ಕ ಹೆಜ್ಜೆಗಳನ್ನು ಬಿಟ್ಟು ದೂರದಿಂದಲೇ ನೆಗೆಯುತ್ತದೆ. ಹಲವು ಸಲ ಕಣ್ಣೂ ಮುಚ್ಚಿಕೊಂಡಿರುತ್ತದೆ.

ಹಾಗಾದರೆ ನಿಮ್ಮ ಕೆಲಸವೇನು? ಕೋಚ್‌ಗೆ ಕಾಣದ ಗಂಟೆಗಳನ್ನು ನೋಡಿಕೊಳ್ಳುವುದು. ವಾರದಲ್ಲಿ ಮಗು ನಮ್ಮ ಕಣ್ಣೆದುರು ಇರುವುದು ಮೂರ್ನಾಲ್ಕು ಗಂಟೆ ಮಾತ್ರ.

ತಲೆಪೆಟ್ಟಿನ ವಿಷಯದಲ್ಲಿ ಇದು ಬಹಳ ಮುಖ್ಯ. ಕನ್ಕಶನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ತೊಂದರೆಯ ಅನುಮಾನ ಬಂದ ಕೂಡಲೇ ಕೋಚ್ ಮಗುವನ್ನು ಹೊರಗೆ ಕರೆಯುತ್ತಾರೆ, ಆ ದಿನ ಮತ್ತೆ ಆಡಿಸುವುದಿಲ್ಲ. ಪ್ರಜ್ಞೆ ತಪ್ಪಿರಲೇಬೇಕೆಂದಿಲ್ಲ. ಆದರೆ ಲಕ್ಷಣ ಮನೆಗೆ ಹೋದ ಮೇಲೆ, ಒಂದೆರಡು ದಿನಗಳೊಳಗೆ ಕಾಣಿಸಿಕೊಳ್ಳುವುದೂ ಉಂಟು: ತಲೆನೋವು, ಬೆಳಕು ಸಹಿಸದಿರುವುದು, ವಿನಾಕಾರಣ ಸಿಡುಕು, ಓದಿದ ಸಾಲನ್ನೇ ಮತ್ತೆ ಓದುವುದು. ಕಂಡರೆ ವೈದ್ಯರಿಗೆ ತೋರಿಸಿ, ಕೋಚ್‌ಗೂ ತಿಳಿಸಿ. ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು, ಫಿಟ್ಸ್, ಕತ್ತುನೋವು, ಕೈಕಾಲು ಜೋಮು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಬ್ರಿಟನ್ 2023ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಬೇಕೆನ್ನುತ್ತವೆ. ಮೊದಲು ಶಾಲೆ, ಆಮೇಲೆ ಆಟ. "ಫೈನಲ್ ಇದೆ, ಒಂದು ಸಲ ಬಿಡಿ" ಎಂಬ ಬೇಡಿಕೆಗೆ ಇಲ್ಲಿ ಜಾಗವಿಲ್ಲ. ಅಂದಹಾಗೆ, ತಲೆಗೆ ಹಾಕುವ ಮೆತ್ತನೆಯ ಸ್ಕ್ರಮ್ ಕ್ಯಾಪ್ ಕಿವಿ, ಚರ್ಮ ಕಾಪಾಡುತ್ತದೆ. ಕನ್ಕಶನ್ ತಡೆಯುತ್ತದೆಂದು ನಂಬಬೇಡಿ.

ಹಲ್ಲು ಕಾಪಾಡಲು ಬಾಯೊಳಗೆ ಹಾಕಿಕೊಳ್ಳುವ ಮೌತ್‌ಗಾರ್ಡ್ ಇನ್ನೊಂದು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚುವ ಬಗೆಯದ್ದಾದರೆ ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಮಾತ್ರ ಅದ್ದಿ. ಹೆಚ್ಚಾದರೆ ಆಕಾರ ಕುಸಿಯುತ್ತದೆ. ನೀರು ಝಾಡಿಸಿ, ಸುಡದಷ್ಟು ಆರಿದ ಮೇಲೆ ಮೇಲಿನ ಹಲ್ಲಿಗೆ ಕೂರಿಸಿ, ಮಗುವಿಗೆ ಕಚ್ಚಿ ಒಳಗೆ ಹೀರಲು ಹೇಳಿ, ಹೊರಗಿನಿಂದ ತುಟಿ-ಕೆನ್ನೆ ಒತ್ತಿ, ಆಮೇಲೆ ತಣ್ಣೀರಿಗೆ ಹಾಕಿ. ಬಾಯಿ ತೆರೆದಾಗ ಬೀಳಬಾರದು, ಹಾಕಿಕೊಂಡೇ ಮಾತಾಡಲು ಬರಬೇಕು. ಸಡಿಲವಾದರೆ ಮಗು ಅದನ್ನು ಅಗಿಯುತ್ತಲೇ ಇರುತ್ತದೆ, ಕೆಲವೇ ವಾರಗಳಲ್ಲಿ ತೂತು ಬೀಳುತ್ತದೆ. ಹಲ್ಲಿಗೆ ಕ್ಲಿಪ್ ಇದ್ದರೆ ಈ ಬಗೆ ಬೇಡ, ದಂತವೈದ್ಯರಿಂದ ಮಾಡಿಸಿ.

ಮಗುವನ್ನು ಹೊತ್ತಿಗೆ ಸರಿಯಾಗಿ ಕರೆತನ್ನಿ. ತಡವಾಗಿ ಬಂದ ಮಗುವಿಗೆ ತಪ್ಪಿಹೋಗುವುದು ವಾರ್ಮ್‌ಅಪ್. ಇಂಗ್ಲೆಂಡಿನ ಶಾಲಾ ಬಾಲಕರ ತಂಡಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಆಕ್ಟಿವೇಟ್ ಎಂಬ 20 ನಿಮಿಷದ ವ್ಯಾಯಾಮಕ್ರಮವನ್ನು ವಾರಕ್ಕೆ ಮೂರು ಸಲ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯ ಶೇ. 72, ಕನ್ಕಶನ್ ಶೇ. 59 ಕಡಿಮೆಯಾಗಿತ್ತು. ಒಂದೇ ಕಾಲಲ್ಲಿ ಸಮತೋಲನ, ಸರಿಯಾಗಿ ನೆಗೆದಿಳಿಯುವುದು, ಕತ್ತಿನ ಬಲ ಹೆಚ್ಚಿಸುವುದು ಅದರಲ್ಲಿವೆ. ನೋಡಲು ಬೇಸರದ ಕೆಲಸ, ಅದಕ್ಕೇ ಎಲ್ಲರೂ ಅದನ್ನು ತಪ್ಪಿಸಿಕೊಳ್ಳುತ್ತಾರೆ.

ಮನೆಯಲ್ಲಿ ಅಭ್ಯಾಸಕ್ಕೆ ಚೆಂಡು ಕೊಳ್ಳುವಾಗ "ದೊಡ್ಡವನಾದ ಮೇಲೂ ಬರಲಿ" ಎಂದು 5ನೇ ಅಳತೆಯದ್ದು ತರಬೇಡಿ. ಸುಮಾರು 9 ವರ್ಷದವರೆಗೆ 3, ಆಮೇಲೆ 14ರವರೆಗೆ 4. ಕೈಗೆ ಹಿಡಿಯದ ಚೆಂಡನ್ನು ಮಗು ಎದೆಗವಚಿಕೊಂಡು ತಳ್ಳುತ್ತದೆ. ಆ ಅಭ್ಯಾಸ ಬಿಡಿಸುವುದು ನಮಗೆ ಬಹಳ ಕಷ್ಟ.

ಕೋಚ್‌ಗಳಿಗೂ ಒಂದು ಮಾತು. ಸುಮ್ಮನಿರಿ ಎಂದಷ್ಟೇ ಹೇಳಿದರೆ ಯಾರೂ ಸುಮ್ಮನಿರುವುದಿಲ್ಲ. ಪಂದ್ಯಕ್ಕೆ ಮೊದಲು ಅಪ್ಪ-ಅಮ್ಮಂದಿರಿಗೆ ನೋಡಲು ಒಂದು ಕೆಲಸ ಕೊಡಿ: ಟ್ಯಾಕಲ್ ಮಾಡಿದ ಮೇಲೆ ನಿಮ್ಮ ಮಗು ಎಷ್ಟು ಬೇಗ ಎದ್ದು ನಿಲ್ಲುತ್ತದೆ? ಪಾಸ್ ಕೊಟ್ಟ ಮೇಲೆ ಅದರ ಹಿಂದೆಯೇ ಓಡುತ್ತದೋ, ನಿಂತು ನೋಡುತ್ತದೋ? ಗೆರೆಯಿಂದ ಎರಡು ಮೀಟರ್ ಹಿಂದೆ ಹಗ್ಗ ಕಟ್ಟಿ, ಎಲ್ಲರೂ ಅದರಾಚೆ ನಿಲ್ಲಲಿ. ಪ್ರತಿ ಮಗುವೂ ಕನಿಷ್ಠ ಅರ್ಧ ಪಂದ್ಯ ಆಡುತ್ತದೆ ಎಂದು ಸೀಸನ್ ಶುರುವಾಗುವ ಮೊದಲೇ ಹೇಳಿ, ಬದಲಿ ಆಟಗಾರರ ಪಟ್ಟಿ ಬರೆದಿಟ್ಟುಕೊಳ್ಳಿ. ಮುನಿಸು ಹೆಚ್ಚಾಗಿ ಹುಟ್ಟುವುದು ಅಲ್ಲೇ.

ರೆಫರಿಯ ಜೊತೆ ಮಾತಾಡುವ ಅವಕಾಶ ಈ ಆಟದಲ್ಲಿ ಕ್ಯಾಪ್ಟನ್‌ಗೆ ಮಾತ್ರ. ಮಕ್ಕಳ ಪಂದ್ಯಗಳಲ್ಲಿ ಸೀಟಿ ಹಿಡಿದವರೂ ಎಷ್ಟೋ ಸಲ ಕಲಿಯುತ್ತಿರುವ ಹದಿಹರೆಯದವರೇ. ತೀರ್ಪಿನ ಬಗ್ಗೆ ದೂರು ಇದ್ದರೆ ಮರುದಿನ ಕೋಚ್‌ಗೆ ಫೋನ್ ಮಾಡಿ, ಮಗು ಪಕ್ಕದಲ್ಲಿಲ್ಲದಾಗ.